ಎದೆ ಏಳುತ್ತಿರುವಾಗ: ಕರ್ನಾಟಕದಲ್ಲಿ ಶ್ವಾಸಕೋಶ ಕಸಿಯ ಸ್ಥಿತಿ

(ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ವೈದ್ಯರು, ಶುಶ್ರೂಷಕರು ಮತ್ತು ಸಾರ್ವಜನಿಕರ ಎದುರು ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಬಿಟ್ಟುಹೋಗಿದ್ದ ಕೆಲವು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಸಾವನ್ನು ನಾವು ‘ಕೊನೆಯುಸಿರು’ ಎಂದು ಕರೆಯುತ್ತೇವೆ. ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದಾಗ ಮೂಗಿನ ಬಳಿ ಬೆರಳಿಟ್ಟು ನೋಡುವುದು, ಹೊದಿಕೆಯ ಕೆಳಗೆ ಎದೆ ಏಳುತ್ತಿದೆಯೇ ಎಂದು ದಿಟ್ಟಿಸುವುದು ತಲೆತಲಾಂತರದಿಂದ ನಡೆದುಬಂದ ರೂಢಿ. ಹಾಗಿರುವಾಗ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಇಪ್ಪತ್ತೆರಡರ ಹುಡುಗನ ಮಿದುಳು ಸಂಪೂರ್ಣವಾಗಿ ನಿಷ್ಕ್ರಿಯವಾಗಿದೆ, ಅವನು ತೀರಿಕೊಂಡಿದ್ದಾನೆ ಎಂದು ಐಸಿಯು ಬಾಗಿಲಲ್ಲಿ ನಿಂತು ಹೇಳಿದಾಗ ಅವನ ತಾಯಿ ನನ್ನನ್ನು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಸಿದ್ಧವಿರಲಿಲ್ಲ: “ಎದಿ ಏಳಾಕತ್ತೈತಲ್ರೀ ಸಾಹೇಬ್ರ, ಮೈ ಬೆಚ್ಚಗೈತಿ, ಹ್ಯಾಂಗ ಹೋಗ್ಯಾನ ಅಂತೀರಿ?”

ಆ ತಾಯಿ ಕೇಳಿದ್ದು ಶ್ವಾಸಕೋಶದ ಬಗ್ಗೆ. ಮೂತ್ರಪಿಂಡ ಮಾಡುವ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಯಕೃತ್ತಿನದೂ ಹಾಗೆಯೇ. ಶ್ವಾಸಕೋಶವನ್ನು ಮಾತ್ರ ವೆಂಟಿಲೇಟರ್ ನಿಮಿಷಕ್ಕೆ ಹದಿನಾಲ್ಕು ಬಾರಿ ಉಬ್ಬಿಸಿ ಇಳಿಸುತ್ತ, ನೋಡುವವರ ಕಣ್ಣಿಗೆ ಅದು ಇನ್ನೂ ಬದುಕೆಂದೇ ಕಾಣುವಂತೆ ಮಾಡುತ್ತಿರುತ್ತದೆ. ನಾವು ಕುಟುಂಬದವರ ಮುಂದೆ ಕೇಳಲು ಹೋಗುವುದು ಅದೇ ಅಂಗವನ್ನು. ಕರ್ನಾಟಕದಲ್ಲಿ ಶ್ವಾಸಕೋಶ ಕಸಿಯ ಸ್ಥಿತಿ ಏನು ಎಂದು ಯಾರಾದರೂ ಕೇಳಿದರೆ ನಾನು ಶಸ್ತ್ರಚಿಕಿತ್ಸಾ ಕೊಠಡಿಯಿಂದ ಮಾತು ಆರಂಭಿಸುವುದಿಲ್ಲ. ಅದು ನಿರ್ಧಾರವಾಗುವುದು ಜಿಲ್ಲಾ ಕೇಂದ್ರಗಳ ಎರಡು ಸಾಮಾನ್ಯ ಜಾಗಗಳಲ್ಲಿ: ತಲೆಗೆ ಪೆಟ್ಟು ಬಿದ್ದವರನ್ನು ಮಲಗಿಸಿರುವ ಐಸಿಯುವಿನಲ್ಲಿ ಮತ್ತು ದಮ್ಮು ಹತ್ತಿದವರು ಸಾಲಿನಲ್ಲಿ ಕೂತಿರುವ ಹೊರರೋಗಿ ವಿಭಾಗದಲ್ಲಿ. ಈ ಎರಡು ಕಡೆಗಳಲ್ಲಿ ನಾವು ಕಳೆದುಕೊಳ್ಳುತ್ತಿರುವುದನ್ನು ಬೆಂಗಳೂರಿನ ಯಾವ ದೊಡ್ಡ ಆಸ್ಪತ್ರೆಯೂ ಮರಳಿ ತಂದುಕೊಡಲಾರದು.

ಮೊದಲು ಒಟ್ಟು ಚಿತ್ರವನ್ನು ಹೇಳಿಬಿಡುತ್ತೇನೆ. ಮನುಷ್ಯನಿಂದ ಮನುಷ್ಯನಿಗೆ ಶ್ವಾಸಕೋಶವನ್ನು ಮೊದಲು ಕಸಿ ಮಾಡಿದವರು ಅಮೆರಿಕದ ಮಿಸಿಸಿಪ್ಪಿಯ ಡಾ. ಜೇಮ್ಸ್ ಹಾರ್ಡಿ, 1963ರ ಜೂನ್‌ನಲ್ಲಿ. ಆ ರೋಗಿ ಬದುಕಿದ್ದು 18 ದಿನ. ಆಮೇಲಿನ ಇಪ್ಪತ್ತು ವರ್ಷ ಲೋಕದ ಬೇರೆ ಬೇರೆ ಕಡೆ ಪ್ರಯತ್ನಗಳು ನಡೆದು ಸೋತವು. ಉಸಿರುನಾಳವನ್ನು ಹೊಲಿದ ಜಾಗ ಮಾಯದೆ ಬಿಟ್ಟುಕೊಳ್ಳುತ್ತಿತ್ತು. 1983ರಲ್ಲಿ ಟೊರಾಂಟೊದಲ್ಲಿ ಡಾ. ಜೋಯೆಲ್ ಕೂಪರ್ ತಂಡ ಒಂದು ಶ್ವಾಸಕೋಶವನ್ನೂ 1986ರಲ್ಲಿ ಎರಡನ್ನೂ ಕಸಿ ಮಾಡಿ ರೋಗಿಗಳನ್ನು ವರ್ಷಗಳ ಕಾಲ ಉಳಿಸಿಕೊಂಡಿತು. ನಮ್ಮ ದೇಶದಲ್ಲಿ ಅಂಗಾಂಗ ಕಸಿ ಕಾಯ್ದೆ ಬಂದದ್ದು 1994ರಲ್ಲಿ; ಮಿದುಳು ನಿಷ್ಕ್ರಿಯತೆಯನ್ನು ಸಾವೆಂದು ಕಾನೂನು ಒಪ್ಪಿದ್ದು ಅದರ ಮೂಲಕ. ಚೆನ್ನೈನಲ್ಲಿ ಡಾ. ಕೆ.ಎಂ. ಚೆರಿಯನ್ ಅವರು 1999ರಲ್ಲಿ ಹೃದಯ ಮತ್ತು ಶ್ವಾಸಕೋಶಗಳನ್ನು ಒಟ್ಟಿಗೆ ಕಸಿ ಮಾಡಿದರು. ಆದರೂ ಶ್ವಾಸಕೋಶ ಕಸಿ ದಕ್ಷಿಣ ಭಾರತದಲ್ಲಿ ನಿಯತವಾಗಿ ನಡೆಯತೊಡಗಿದ್ದು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ. 2020ರಲ್ಲಿ ಕೋವಿಡ್ ಬಂದು ಶ್ವಾಸಕೋಶ ಸಂಪೂರ್ಣ ಹಾಳಾದ ಕೆಲವರಿಗೆ ಚೆನ್ನೈ ಮತ್ತು ಹೈದರಾಬಾದಿನಲ್ಲಿ ಎರಡೂ ಶ್ವಾಸಕೋಶಗಳನ್ನು ಬದಲಿಸಿದ ಸುದ್ದಿ ಬಂದಾಗಲೇ ನಮ್ಮಲ್ಲಿ ಬಹಳ ಜನ ಇಂಥದೊಂದು ಚಿಕಿತ್ಸೆ ಇದೆ ಎಂಬುದನ್ನು ಕೇಳಿದ್ದು.

ಕರ್ನಾಟಕದಲ್ಲಿ ಅಂಗಾಂಗ ಹಂಚಿಕೆಗೆ ಒಂದು ಸಮನ್ವಯ ಸಮಿತಿ 2007ರಿಂದಲೇ ಇತ್ತು. ಈಗ ಅದು ‘ಜೀವಸಾರ್ಥಕತೆ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ; ಸರ್ಕಾರಿ ಸಂಸ್ಥೆಯೊಂದಕ್ಕೆ ಇಷ್ಟು ಒಪ್ಪುವ ಕನ್ನಡ ಹೆಸರು ಸಿಕ್ಕಿದ್ದು ನನಗೆ ಯಾವಾಗಲೂ ಸಂತೋಷ ಕೊಡುತ್ತದೆ. 2023ರಲ್ಲಿ ನಮ್ಮ ರಾಜ್ಯದಲ್ಲಿ 178 ಮಂದಿಯ ಕುಟುಂಬಗಳು ಮರಣಾನಂತರ ಅಂಗಾಂಗ ದಾನಕ್ಕೆ ಒಪ್ಪಿದವು. ದೇಶದಲ್ಲಿ ಮುಂಚೂಣಿಯ ರಾಜ್ಯಗಳ ಸಾಲಿನಲ್ಲಿ ನಾವಿದ್ದೇವೆ ಎಂಬುದು ನಿಜ. ಆದರೆ ಹತ್ತು ಲಕ್ಷ ಜನಸಂಖ್ಯೆಗೆ ಲೆಕ್ಕ ಹಾಕಿದರೆ ಇದು ಮೂರನ್ನೂ ಮುಟ್ಟುವುದಿಲ್ಲ; ಅದೇ ವರ್ಷ ಸ್ಪೇನಿನಲ್ಲಿ ಆ ಲೆಕ್ಕ 48ನ್ನು ದಾಟಿತ್ತು. ಇಡೀ ಭಾರತದಲ್ಲಿ ಆ ವರ್ಷ ಎಲ್ಲ ಬಗೆಯ ಕಸಿಗಳೂ ಸೇರಿ 18,000ಕ್ಕೂ ಹೆಚ್ಚು ನಡೆದವು. ಅವುಗಳಲ್ಲಿ ಹೆಚ್ಚಿನವು ಬದುಕಿರುವ ಬಂಧುಗಳೇ ಕೊಟ್ಟ ಮೂತ್ರಪಿಂಡದ ಕಸಿಗಳು; ಶ್ವಾಸಕೋಶದ ಕಸಿ ಸುಮಾರು 200. ಅವು ಕೂಡ ಬಹುಪಾಲು ಚೆನ್ನೈ, ಹೈದರಾಬಾದಿನಂಥ ಬೆರಳೆಣಿಕೆಯ ನಗರಗಳಲ್ಲಿ ನಡೆದವು. ಬೆಂಗಳೂರಿನ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಶ್ವಾಸಕೋಶ ಕಸಿ ಆಗುತ್ತಿದೆ. ಆದರೂ ಬೀದರ, ಕಲಬುರಗಿ, ರಾಯಚೂರಿನ ರೋಗಿಗೆ ಹತ್ತಿರದ ಕಸಿ ಕೇಂದ್ರ ಈಗಲೂ ಹೈದರಾಬಾದೇ ಹೊರತು ರಾಜಧಾನಿಯಲ್ಲ.

ಯಾರಿಗೆ ಇದು ಬೇಕಾಗುತ್ತದೆ? ಪಾಶ್ಚಾತ್ಯ ದೇಶಗಳಲ್ಲಿ ಸಿಗರೇಟಿನಿಂದ ಬರುವ ಸಿಒಪಿಡಿ ಎಂಬ ದೀರ್ಘಕಾಲದ ಉಸಿರಾಟದ ಕಾಯಿಲೆ, ಮಕ್ಕಳಲ್ಲಿ ಹುಟ್ಟಿನಿಂದ ಬರುವ ಸಿಸ್ಟಿಕ್ ಫೈಬ್ರೋಸಿಸ್ ಹಿಂದಿನಿಂದಲೂ ದೊಡ್ಡ ಕಾರಣಗಳಾಗಿದ್ದವು. ನಮ್ಮಲ್ಲಿ ಕಸಿಗೆ ಬರುವವರಲ್ಲಿ ಹೆಚ್ಚಿನವರದು ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ. ವೈದ್ಯರು ಐಎಲ್‌ಡಿ ಎನ್ನುವುದು ಇದನ್ನೇ. ಹೊಸ ಸ್ಪಂಜಿನಂತೆ ಇರಬೇಕಾದ ಶ್ವಾಸಕೋಶ ಒಣಗಿದ ಹೀರೇಕಾಯಿ ನಾರಿನಂತೆ ಆಗುತ್ತದೆ, ಉಸಿರು ಒಳಗೆ ಎಳೆದರೂ ಹಿಗ್ಗುವುದಿಲ್ಲ. 27 ಆಸ್ಪತ್ರೆಗಳ ಸಾವಿರಕ್ಕೂ ಮಿಕ್ಕ ಭಾರತೀಯ ರೋಗಿಗಳನ್ನು ನೋಂದಾಯಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥವರ ಪೈಕಿ ಶೇ 47ರಷ್ಟು ಮಂದಿಗೆ ಇದ್ದದ್ದು ಹೊರಗಿನ ದೂಳು, ಬೂಷ್ಟು, ಹಕ್ಕಿಗಳ ಪುಕ್ಕ ಮತ್ತು ಹಿಕ್ಕೆಗಳಿಗೆ ಶ್ವಾಸಕೋಶ ಮುನಿದು ಬರುವ ಕಾಯಿಲೆ. ನೀರು ಬದಲಿಸದ ಏರ್ ಕೂಲರ್‌ಗಳು ಅದರಲ್ಲಿ ಎದ್ದುಕಂಡ ಕಾರಣ. ನಾನು ಈ ಅಧ್ಯಯನವನ್ನು ಓದಿದ ಮೇಲೆ ರೋಗಿಗಳಿಗೆ ಕೇಳುವ ಪ್ರಶ್ನೆಗಳೇ ಬದಲಾದವು. “ಬೀಡಿ ಸೇದ್ತೀರೇನ್ರಿ?” ಎಂಬುದರ ಜೊತೆಗೆ “ಕೂಲರ್ ಐತೇನ್ರಿ? ಅದರ ಹುಲ್ಲು ಬದಲಿ ಮಾಡಿ ಎಷ್ಟು ವರ್ಷ ಆತು? ಕಿಟಕಿಗೆ ಪಾರಿವಾಳ ಬರ್ತಾವೇನ್ರಿ?” ಎಂದೂ ಕೇಳುತ್ತೇನೆ. ಇವರಲ್ಲದೆ ಕಲ್ಲು ಒಡೆಯುವ, ಗ್ರಾನೈಟ್ ಕೊಯ್ಯುವ ಕೆಲಸದಲ್ಲಿ ಸಿಲಿಕಾ ದೂಳು ಕುಡಿದವರಿದ್ದಾರೆ, ಹಳೆಯ ಕ್ಷಯ ಉಳಿಸಿಹೋದ ಗಾಯಗಳಿಂದ ಶ್ವಾಸಕೋಶ ಕುಗ್ಗಿದವರಿದ್ದಾರೆ, ಜೀವನವಿಡೀ ಸೌದೆ ಒಲೆಯ ಹೊಗೆಯಲ್ಲಿ ರೊಟ್ಟಿ ಬಡಿದ ಹೆಂಗಸರಿದ್ದಾರೆ. ಕ್ಷಯ ಬಂದುಹೋದವರ ಎದೆಯಲ್ಲಿ ಶ್ವಾಸಕೋಶ ಪಕ್ಕೆಲುಬಿಗೆ ಅಂಟಿಕೊಂಡಿರುವುದರಿಂದ ಬಿಡಿಸುವಾಗ ರಕ್ತಸ್ರಾವ ಬಹಳ. ಕಸಿಯ ಶಸ್ತ್ರವೈದ್ಯರಿಗೆ ಅದೊಂದು ದೊಡ್ಡ ತೊಡಕು.

ಇಲ್ಲಿ ಒಬ್ಬರ ವಿಷಯ ಹೇಳಬೇಕು, ಅದರಲ್ಲಿ ನನ್ನ ತಪ್ಪೂ ಇದೆ. ನಲವತ್ತಾರರ ಒಬ್ಬ ಶಾಲಾ ಶಿಕ್ಷಕಿ ನನ್ನ ಬಳಿ ಬಂದಾಗ ಅವರಿಗೆ ಆಸ್ತಮಾ ಎಂದು ಎರಡು ವರ್ಷಗಳಿಂದ ಬೇರೆ ಬೇರೆ ಕಡೆ ಇನ್‌ಹೇಲರ್ ಬರೆದುಕೊಟ್ಟಿದ್ದರು. ಅವರ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರೆ ಕೆಳಗಡೆ ಎರಡೂ ಬದಿ, ಮಕ್ಕಳ ಬೂಟಿನ ಅಂಟುಪಟ್ಟಿಯನ್ನು ಮೆಲ್ಲಗೆ ಕೀಳುವಾಗ ಬರುವಂಥ ಚರಚರ ಸದ್ದು. ಸಿ.ಟಿ. ಮಾಡಿಸಿದಾಗ ಜೇನುಗೂಡಿನಂಥ ತೂತುಗಳು. ಕಾಯಿಲೆಯನ್ನು ನಾನು ಸರಿಯಾಗಿ ಗುರುತಿಸಿದೆ, ಔಷಧ ಆರಂಭಿಸಿದೆ. ಫೈಬ್ರೋಸಿಸ್, ಅಂದರೆ ಶ್ವಾಸಕೋಶ ನಾರುಗಟ್ಟುವುದನ್ನು, ತಡೆಯುವ ಈ ಔಷಧಗಳು ಕಾಯಿಲೆಯ ಓಟವನ್ನು ನಿಧಾನಗೊಳಿಸುತ್ತವೆ, ನಿಲ್ಲಿಸುವುದಿಲ್ಲ. ಆ ದಿನವೇ ಕಸಿ ಕೇಂದ್ರಕ್ಕೆ ಒಂದು ಪತ್ರ ಬರೆದು ಕಳುಹಿಸಬೇಕಿತ್ತು. ಅವರು ನಡೆದುಕೊಂಡೇ ಬಂದಿದ್ದರು, ಪಾಠ ಮಾಡುತ್ತಿದ್ದರು. ಕಸಿಯ ಮಾತೆತ್ತಿದರೆ ಹೆದರಿಯಾರು ಎಂದು ನಾನು ಹದಿನೆಂಟು ತಿಂಗಳು ಸುಮ್ಮನಿದ್ದೆ.

ನಮ್ಮಲ್ಲಿ ಆರು ನಿಮಿಷದ ನಡಿಗೆ ಎಂಬ ಒಂದು ಪರೀಕ್ಷೆಯಿದೆ. ಅದಕ್ಕೆ ಯಂತ್ರ ಬೇಡ, ಮೂವತ್ತು ಮೀಟರ್ ಉದ್ದದ ಒಂದು ಪಡಸಾಲೆ ಸಾಕು. ಎರಡು ತುದಿಗಳಲ್ಲಿ ಒಂದೊಂದು ಗುರುತು ಇಟ್ಟು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ತಮ್ಮ ಗತಿಯಲ್ಲಿ ಆರು ನಿಮಿಷ ನಡೆಯಲು ಹೇಳುತ್ತೇವೆ. ಮೊದಲ ಬಾರಿ ಆ ಶಿಕ್ಷಕಿ 410 ಮೀಟರ್ ನಡೆದಿದ್ದರು. ಹದಿನೆಂಟು ತಿಂಗಳ ನಂತರ ಎರಡನೆಯ ಸುತ್ತಿನಲ್ಲೇ ಗೋಡೆ ಹಿಡಿದು ನಿಂತರು. ಬೆರಳಿನ ಮೇಲಿನ ಅಂಕಿ 94ರಿಂದ 79ಕ್ಕೆ ಇಳಿದಿತ್ತು, ತುಟಿ ನೇರಳೆಗಟ್ಟಿತ್ತು, ಪಕ್ಕದಲ್ಲಿ ಸಿಲಿಂಡರ್ ತಳ್ಳಿಕೊಂಡು ಬರುತ್ತಿದ್ದ ಅವರ ಯಜಮಾನರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅವಸರ ಅವಸರವಾಗಿ ಕಸಿ ಕೇಂದ್ರಕ್ಕೆ ಕಳುಹಿಸಿದೆ. ಅಲ್ಲಿಯ ವೈದ್ಯರು ಸೌಜನ್ಯದಿಂದಲೇ ಹೇಳಿದರು: ತೂಕ 35 ಕೆ.ಜಿ.ಗೆ ಇಳಿದಿದೆ, ತೊಡೆಯ ಸ್ನಾಯುಗಳು ಕರಗಿವೆ, ಈ ಮೈ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಾಳುವುದಿಲ್ಲ, ಸ್ವಲ್ಪ ಮೈ ಕೂಡಿಸಿಕೊಂಡು ಬನ್ನಿ. ಊಟ ಮಾಡುವುದಕ್ಕೂ ಉಸಿರು ಸಾಲದವರು ಮೈ ಕೂಡಿಸಿಕೊಳ್ಳುವುದು ಹೇಗೆ? ಆ ಮಳೆಗಾಲ ಮುಗಿಯುವ ಮುನ್ನ ಅವರು ತೀರಿಕೊಂಡರು. ಅವರ ಮನೆಯಲ್ಲಿ ಪಡಸಾಲೆಯ ಆಮ್ಲಜನಕದ ಕಾನ್ಸಂಟ್ರೇಟರ್‌ನಿಂದ ಅಡುಗೆಮನೆಯ ಹೊಸ್ತಿಲವರೆಗೆ ಎಳೆದಿದ್ದ ಹತ್ತು ಮೀಟರ್ ಕೊಳವೆ ಬಹಳ ದಿನ ಹಾಗೆಯೇ ಬಿದ್ದಿತ್ತು ಎಂದು ಅವರ ಮಗಳು ನನಗೆ ಹೇಳಿದಳು.

ಆದ್ದರಿಂದ ಇಲ್ಲಿ ಕುಳಿತಿರುವ ನನ್ನ ವೃತ್ತಿಬಾಂಧವರಿಗೆ ಒತ್ತಿ ಹೇಳುತ್ತೇನೆ. ಕಾರಣ ಗೊತ್ತಿಲ್ಲದ ಫೈಬ್ರೋಸಿಸ್ ಪತ್ತೆಯಾದವರ ಆಯಸ್ಸು ಔಷಧವಿಲ್ಲದಿದ್ದರೆ ಸರಾಸರಿ ಮೂರರಿಂದ ಐದು ವರ್ಷ. ಇಂಥವರನ್ನು ಕಾಯಿಲೆ ಪತ್ತೆಯಾದ ಕೂಡಲೇ ಕಸಿ ಕೇಂದ್ರಕ್ಕೆ ತೋರಿಸಬೇಕು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ತೋರಿಸುವುದು ಬೇರೆ, ಅಂಗಕ್ಕಾಗಿ ಕಾಯುವವರ ಪಟ್ಟಿಗೆ ಸೇರಿಸುವುದು ಬೇರೆ. ಪಟ್ಟಿಗೆ ಸೇರಿಸುವ ಕಾಲ ಬಂದಾಗ ಆ ವ್ಯಕ್ತಿಯ ಪರೀಕ್ಷೆಗಳು ಮುಗಿದಿರಬೇಕು, ಹಲ್ಲಿನ ಹುಳುಕು ತೆಗೆಸಿರಬೇಕು, ಲಸಿಕೆಗಳು ಬಿದ್ದಿರಬೇಕು, ಕಾಲುಗಳಲ್ಲಿ ನಡೆಯುವ ಕಸುವು ಉಳಿದಿರಬೇಕು.

ಈಗ ಇನ್ನೊಂದು ತುದಿಗೆ ಬರುತ್ತೇನೆ. ದಾನಿಯೊಬ್ಬರ ಮೂತ್ರಪಿಂಡಗಳೂ ಯಕೃತ್ತೂ ಬಳಕೆಗೆ ಬಂದರೂ ಶ್ವಾಸಕೋಶ ಮಾತ್ರ ಬೇಡ ಎನಿಸಿಕೊಳ್ಳುವುದು ನಮ್ಮಲ್ಲಿ ಮಾತ್ರವಲ್ಲ, ಎಲ್ಲ ದೇಶಗಳಲ್ಲೂ ಇದೆ. ಬಹಳಷ್ಟು ಕಡೆ ಹತ್ತು ದಾನಿಗಳಲ್ಲಿ ಇಬ್ಬರ ಶ್ವಾಸಕೋಶ ಬಳಕೆಗೆ ಬಂದರೆ ಹೆಚ್ಚು. ಏಕೆಂದರೆ ದೇಹದ ಒಳಗಿದ್ದೂ ಹೊರಗಿನ ಗಾಳಿಗೆ ತೆರೆದುಕೊಂಡಿರುವ ಅಂಗ ಇದು. ಅಪಘಾತವಾದ ಗಳಿಗೆಯಲ್ಲೇ ಪ್ರಜ್ಞೆ ತಪ್ಪಿದವರ ಬಾಯಿಯ ರಕ್ತ, ವಾಂತಿ ಶ್ವಾಸನಾಳಕ್ಕೆ ಇಳಿದಿರುತ್ತದೆ. ಮಿದುಳು ಸಾಯುವಾಗ ದೇಹದಲ್ಲಿ ಏಳುವ ಹಾರ್ಮೋನುಗಳ ಬಿರುಗಾಳಿ ಶ್ವಾಸಕೋಶದೊಳಗೆ ನೀರು ತುಂಬಿಸುತ್ತದೆ. ಮೂತ್ರಪಿಂಡ ಚೆನ್ನಾಗಿರಲಿ ಎಂದು ನಾವು ಬಾಟಲಿ ಮೇಲೆ ಬಾಟಲಿ ಏರಿಸುವ ದ್ರವವೂ ಕೊನೆಗೆ ಸೇರುವುದು ಅಲ್ಲಿಗೇ. ವೆಂಟಿಲೇಟರಿನಲ್ಲಿ ಒಂದೊಂದು ದಿನ ಹೆಚ್ಚಾದಂತೆ ನ್ಯುಮೋನಿಯಾದ ಅಪಾಯ.

ಆದರೆ ಈ ಹಾನಿಯಲ್ಲಿ ಎಷ್ಟೋ ಭಾಗವನ್ನು ತಪ್ಪಿಸಲು ಬರುತ್ತದೆ, ಅದಕ್ಕೆ ಬೇಕಾದದ್ದು ದುಬಾರಿ ಉಪಕರಣವಲ್ಲ. ಮಂಚದ ತಲೆಭಾಗವನ್ನು ಮೂವತ್ತು ಡಿಗ್ರಿ ಎತ್ತಿಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕೊಳವೆಯ ಸುತ್ತಲಿನ ಗಾಳಿಬುಗ್ಗೆಯ ಒತ್ತಡ ನೋಡುವುದು, ಬಾಯಿ ತೊಳೆಸುವುದು, ಕಫ ಹೀರಿ ತೆಗೆಯುವುದು, ಒಂದೊಂದು ಉಸಿರಿಗೂ ವೆಂಟಿಲೇಟರ್ ಅತಿಯಾಗಿ ಉಬ್ಬಿಸದಂತೆ ಅಳತೆ ಇಡುವುದು. ಇವೆಲ್ಲ ಶುಶ್ರೂಷಕಿಯರ ಕೈಯ ಕೆಲಸ. ‘ಇನ್ನೇನೂ ಉಳಿದಿಲ್ಲ’ ಎಂದು ವೈದ್ಯರ ಮುಖ ಹೇಳಿದ ಕ್ಷಣದಿಂದ ಆ ಮಂಚದ ಆರೈಕೆ ಸಡಿಲವಾಗುತ್ತದೆ. ರಾತ್ರಿಪಾಳಿಯಲ್ಲಿ ಹತ್ತು ಮಂಚಕ್ಕೆ ಇಬ್ಬರು ಶುಶ್ರೂಷಕಿಯರಿದ್ದರೆ ಅವರು ಬದುಕುವವರ ಕಡೆಗೆ ಓಡುವುದು ಸಹಜ, ನಾನು ಅವರನ್ನು ದೂರುವುದಿಲ್ಲ. ಆದರೆ ಶ್ವಾಸಕೋಶ ಕೈತಪ್ಪುವುದು ಆ ಹನ್ನೆರಡು ಗಂಟೆಗಳಲ್ಲೇ.

ಕಾನೂನಿನ ಪ್ರಕಾರ ಮಿದುಳು ನಿಷ್ಕ್ರಿಯತೆಯನ್ನು ನಾಲ್ವರು ವೈದ್ಯರು ದೃಢಪಡಿಸಬೇಕು. ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ನಡೆಯಬೇಕು. ನರರೋಗ ತಜ್ಞರೋ ನರಶಸ್ತ್ರವೈದ್ಯರೋ ಇಲ್ಲದ ಊರಿನಲ್ಲಿ ಅರಿವಳಿಕೆ ತಜ್ಞರಂಥವರು ಆ ಸ್ಥಾನವನ್ನು ತುಂಬಬಹುದು ಎಂದು 2011ರ ತಿದ್ದುಪಡಿಯ ನಂತರ ಅವಕಾಶವಿದೆ. ಕಸಿ ಮಾಡದ ಆಸ್ಪತ್ರೆಗಳೂ ಅಂಗಾಂಗ ತೆಗೆಯುವ ಕೇಂದ್ರವಾಗಿ ನೋಂದಾಯಿಸಿಕೊಳ್ಳಬಹುದು. ರಸ್ತೆ ಅಪಘಾತದ ಪ್ರಕರಣಗಳಲ್ಲಿ ಪೊಲೀಸರ ಒಪ್ಪಿಗೆ, ಮರಣೋತ್ತರ ಪರೀಕ್ಷೆ ಎಂದು ಹೊತ್ತು ಹೋಗುತ್ತದೆ. ಅಂಗಾಂಗ ದಾನವಿದ್ದರೆ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆ ಮಾಡಬಹುದು ಎಂದು 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆದೇಶಿಸಿದೆ. ಇವೆಲ್ಲ ಕಾಗದದ ಮೇಲೆ ಬಂದಾಗಿದೆ. ನಮ್ಮ ಎಷ್ಟು ಜಿಲ್ಲೆಗಳ ಐಸಿಯುಗಳಲ್ಲಿ ಆ ನಾಲ್ವರು ವೈದ್ಯರ ಹೆಸರಿನ ಪಟ್ಟಿ ಗೋಡೆಯ ಮೇಲಿದೆ ಎಂದು ತಾವೇ ನೋಡಿಕೊಳ್ಳಿ.

ಆ ಪರೀಕ್ಷೆಯಲ್ಲಿ ಒಂದು ಹಂತವನ್ನು ಹತ್ತಿರದಿಂದ ವಿವರಿಸಬೇಕು, ಏಕೆಂದರೆ ತಾಯಿಯ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿಯೇ. ಹತ್ತು ನಿಮಿಷ ಶುದ್ಧ ಆಮ್ಲಜನಕ ಕೊಟ್ಟು, ರಕ್ತದ ಮಾದರಿ ತೆಗೆದು, ವೆಂಟಿಲೇಟರನ್ನು ಬೇರ್ಪಡಿಸುತ್ತೇವೆ. ಕೊಳವೆಯ ಮೂಲಕ ಆಮ್ಲಜನಕ ಹರಿಯುತ್ತಿರುತ್ತದೆ, ಆದರೆ ಯಂತ್ರ ಉಸಿರಾಡಿಸುವುದಿಲ್ಲ. ಎದೆ ಮತ್ತು ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ಎಲ್ಲರೂ ನೋಡುತ್ತ ನಿಲ್ಲುತ್ತೇವೆ. ರಕ್ತದಲ್ಲಿ ಇಂಗಾಲಾಮ್ಲ ಏರುತ್ತ ಹೋಗುತ್ತದೆ. ಬದುಕಿರುವ ಮಿದುಳಾಗಿದ್ದರೆ ಆ ಹೊತ್ತಿಗೆ ಎದೆಯನ್ನು ಬಡಿದೆಬ್ಬಿಸಲೇಬೇಕು. 60ರ ಅಂಕಿ ದಾಟಿದರೂ ಎದೆ ಕದಲದಿದ್ದರೆ, ಉಸಿರಾಡು ಎಂದು ಹೇಳುವವರು ಒಳಗೆ ಯಾರೂ ಇಲ್ಲ ಎಂದು ಅರ್ಥ. ಆ ತಾಯಿಯ ನಂತರ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ಕುಟುಂಬದಲ್ಲಿ ಗಟ್ಟಿ ಮನಸ್ಸಿನವರು ಒಬ್ಬರು ಬಯಸಿದರೆ ಎರಡನೆಯ ಪರೀಕ್ಷೆಯ ಹೊತ್ತಿಗೆ ಒಳಗೆ ಕರೆದು ಮಂಚದ ಕಾಲ್ದೆಸೆಯಲ್ಲಿ ನಿಲ್ಲಿಸುತ್ತೇನೆ. ಹೀಗೆ ನಿಂತ ಒಬ್ಬ ಅಣ್ಣ ಎಂಟು ನಿಮಿಷ ತಮ್ಮನ ಎದೆಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ಹೊರಗೆ ಹೋಗಿ ಮನೆಯವರಿಗೆ ಅವನೇ ಹೇಳಿದ, ನಾನು ಹೇಳಬೇಕಾಗಿ ಬರಲಿಲ್ಲ.

ಇದೇ ಪರೀಕ್ಷೆ ಶ್ವಾಸಕೋಶಕ್ಕೆ ಹಾನಿಯನ್ನೂ ಮಾಡಬಲ್ಲದು ಎಂಬುದನ್ನು ನಮ್ಮವರು ಮರೆಯುತ್ತಾರೆ. ಒತ್ತಡವಿಲ್ಲದೆ ಬಿಟ್ಟ ಎಂಟು ಹತ್ತು ನಿಮಿಷಗಳಲ್ಲಿ ಗಾಳಿಗೂಡುಗಳು ಮುದುಡಿಕೊಳ್ಳುತ್ತವೆ. ಪರೀಕ್ಷೆಯ ಹೊತ್ತಿನಲ್ಲಿ ಸಣ್ಣ ಒತ್ತಡವನ್ನು ಉಳಿಸಿಕೊಂಡು, ಮುಗಿದ ಕೂಡಲೇ ಶ್ವಾಸಕೋಶವನ್ನು ಮೆಲ್ಲಗೆ ಮತ್ತೆ ಅರಳಿಸಿಕೊಂಡರೆ ಅರ್ಧ ಗಂಟೆಯಲ್ಲಿ ಆಮ್ಲಜನಕದ ಅಂಕಿ ಸುಧಾರಿಸುತ್ತದೆ. ಶುದ್ಧ ಆಮ್ಲಜನಕ ಕೊಟ್ಟಾಗ ರಕ್ತದಲ್ಲಿ ಅದರ ಒತ್ತಡ 300ಕ್ಕಿಂತ ಮೇಲಿದ್ದರೆ ಕಸಿ ತಂಡ ಮುಂದಿನ ಮಾತಾಡುತ್ತದೆ. 220 ಎಂದರೆ ಫೋನ್ ಇಡುತ್ತದೆ. ಪರೀಕ್ಷೆ ಮುಗಿದ ಐದೇ ನಿಮಿಷಕ್ಕೆ ತೆಗೆದ ಮಾದರಿಯ ಅಂಕಿಯನ್ನು ತಿಳಿಸಿ ಒಳ್ಳೆಯ ಶ್ವಾಸಕೋಶವನ್ನು ಕಳೆದುಕೊಂಡ ಉದಾಹರಣೆ ನನ್ನ ಅನುಭವದಲ್ಲೇ ಇದೆ.

ಸಾರ್ವಜನಿಕರಿಗೆ ಹೆಚ್ಚು ಪರಿಚಯವಿರುವುದು ಇದರ ನಂತರದ ಭಾಗ, ಅಂದರೆ ಝೀರೋ ಟ್ರಾಫಿಕ್. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಆಸ್ಪತ್ರೆಯಿಂದ ಚೆನ್ನೈಗೆ ಹೃದಯವೊಂದನ್ನು ಕೊಂಡೊಯ್ದಾಗ ಇಡೀ ರಾಜ್ಯ ದೂರದರ್ಶನದ ಮುಂದೆ ಕುಳಿತಿತ್ತು. ಹೃದಯಕ್ಕೆ ನಾಲ್ಕು ಗಂಟೆಯ ಗಡುವಾದರೆ ಶ್ವಾಸಕೋಶ ಆರರಿಂದ ಎಂಟು ಗಂಟೆ ತಾಳುತ್ತದೆ. ಅದನ್ನು ತಣ್ಣನೆಯ ದ್ರವ ಹಾಯಿಸಿ ತೊಳೆದು, ಆಮ್ಲಜನಕ ತುಂಬಿ, ಅರ್ಧ ಉಬ್ಬಿದ ಸ್ಥಿತಿಯಲ್ಲೇ ಶ್ವಾಸನಾಳವನ್ನು ಮುಚ್ಚಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಬೇರೆ ಯಾವ ಅಂಗವೂ ಹೀಗೆ ಪಯಣಿಸುವುದಿಲ್ಲ: ಶ್ವಾಸಕೋಶ ಒಂದು ಉಸಿರನ್ನು ಒಳಗೆ ಹಿಡಿದುಕೊಂಡೇ ಊರು ಬಿಡುತ್ತದೆ. ಪೊಲೀಸರೂ ಆಂಬ್ಯುಲೆನ್ಸ್ ಚಾಲಕರೂ ಮಾಡುವ ಕೆಲಸ ದೊಡ್ಡದು, ಆದರೆ ನಮ್ಮ ಕೊರತೆ ರಸ್ತೆಯಲ್ಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳಲ್ಲಿ ವಿಮಾನ ನಿಲ್ದಾಣಗಳಿವೆ. ಪೆಟ್ಟಿಗೆಯಲ್ಲಿಡಲು ಯೋಗ್ಯವಾದ ಶ್ವಾಸಕೋಶ ಉಳಿದಿರಬೇಕಷ್ಟೆ.

ಅಳತೆಯ ತೊಡಕೂ ಇದೆ. ಶ್ವಾಸಕೋಶವನ್ನು ರಕ್ತದ ಗುಂಪಿನ ಜೊತೆಗೆ ಎತ್ತರಕ್ಕೂ ಹೊಂದಿಸಬೇಕು. ದಾನಿಗಳಲ್ಲಿ ಹೆಚ್ಚಿನವರು ಅಪಘಾತದಲ್ಲಿ ತೀರಿಕೊಂಡ, ಐದೂವರೆ ಅಡಿಗೂ ಎತ್ತರದ ಗಂಡಸರು. ಕಾಯುವವರಲ್ಲಿ ನಾಲ್ಕು ಅಡಿ ಹತ್ತು ಅಂಗುಲದ ಹೆಂಗಸರು ಬಹಳ. ಫೈಬ್ರೋಸಿಸ್‌ನಿಂದ ಕುಗ್ಗಿದ ಎದೆಗೂಡಿನಲ್ಲಿ ಆ ದೊಡ್ಡ ಶ್ವಾಸಕೋಶ ಹಿಡಿಸುವುದಿಲ್ಲ. ಹಾಗಾಗಿ ಗಿಡ್ಡ ಹೆಂಗಸರು ಹೆಚ್ಚು ಕಾಲ ಕಾಯುತ್ತಾರೆ. ಅವರನ್ನು ಇನ್ನಷ್ಟು ಬೇಗ ಕಳುಹಿಸಬೇಕು.

ದಾನದ ವಿಷಯದಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ. ಡಾ. ರಾಜ್‌ಕುಮಾರ್ ಅವರ ಕಣ್ಣುಗಳು 2006ರಲ್ಲಿ ದಾನವಾದವು, 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ನಾಲ್ವರಿಗೆ ಬೆಳಕಾದವು, ಆನಂತರ ಹಳ್ಳಿಹಳ್ಳಿಗಳಲ್ಲಿ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಆದರೆ ಕಣ್ಣನ್ನು ಹೃದಯ ನಿಂತ ಮೇಲೆ, ಮನೆಯಲ್ಲೇ, ಆರು ಗಂಟೆಗಳೊಳಗೆ ತೆಗೆಯಬಹುದು. ನಮ್ಮಲ್ಲಿ ಶ್ವಾಸಕೋಶಕ್ಕೆ ಸಾಮಾನ್ಯವಾಗಿ ಅದು ಆಗುವುದಿಲ್ಲ. ಅದಕ್ಕೆ ಹೃದಯ ಬಡಿಯುತ್ತಿರುವಾಗ, ಐಸಿಯುವಿನಲ್ಲಿ ಸಾವು ಘೋಷಣೆಯಾಗಬೇಕು. ಹೆಸರು ಬರೆಸಿದ ಬಹಳ ಜನರಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಪುನೀತ್ ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ, 2021ರ ಜೂನ್‌ನಲ್ಲಿ, ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಮಿದುಳು ನಿಷ್ಕ್ರಿಯರಾದಾಗ ಅವರ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ನಾನು ಕುಟುಂಬಗಳೊಡನೆ ಮಾತಾಡುವಾಗ ಈ ಎರಡು ಹೆಸರುಗಳನ್ನೂ ಹೇಳಿ ಎರಡು ಬಗೆಯ ಸಾವನ್ನು ವಿವರಿಸುತ್ತೇನೆ, ಬೇಗ ಮನದಟ್ಟಾಗುತ್ತದೆ.

ಕಸಿಯ ನಂತರದ ಬದುಕಿನ ಬಗ್ಗೆ ಬಣ್ಣ ಕಟ್ಟದೆ ಹೇಳಬೇಕು. ಶಸ್ತ್ರಚಿಕಿತ್ಸೆ ಎಂಟು ಹತ್ತು ಗಂಟೆಗಳದ್ದು. ಲೋಕದ ಒಟ್ಟು ಅನುಭವದಲ್ಲಿ ನೂರು ಜನರಲ್ಲಿ ಎಂಬತ್ತೈದಕ್ಕೂ ಹೆಚ್ಚು ಮಂದಿ ಮೊದಲ ವರ್ಷ ದಾಟುತ್ತಾರೆ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ಮೂತ್ರಪಿಂಡ, ಯಕೃತ್ತುಗಳಿಗೆ ಹೋಲಿಸಿದರೆ ಇದು ಕಡಿಮೆ. ಹೊಸ ಶ್ವಾಸಕೋಶದ ನರಗಳು ಕತ್ತರಿಸಿಹೋಗಿರುವುದರಿಂದ ಕಫ ಕಟ್ಟಿದರೂ ಕೆಮ್ಮು ತಾನಾಗಿ ಬರುವುದಿಲ್ಲ. ಬೆಳಿಗ್ಗೆ ಸಂಜೆ ಗಡಿಯಾರ ನೋಡಿಕೊಂಡು ಕೆಮ್ಮುವುದನ್ನು ಹೊಸದಾಗಿ ಕಲಿಯಬೇಕು. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಮಾತ್ರೆಗಳು ಜೀವನಪೂರ್ತಿ. ಅವುಗಳಿಂದ ಕ್ಷಯವೂ ಬೂಷ್ಟಿನ ಸೋಂಕೂ ಹೊಂಚು ಹಾಕುತ್ತಿರುತ್ತವೆ, ಆದ್ದರಿಂದ ತಿಪ್ಪೆ ಗೊಬ್ಬರ ಕೆದಕುವಂತಿಲ್ಲ, ರಾಶಿ ಮಾಡುವ ಕಣದಲ್ಲಿ ನಿಲ್ಲುವಂತಿಲ್ಲ. ಆ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸಿಬಿಡುತ್ತದೆ ಎಂಬ ಕಾರಣಕ್ಕೆ ಚಕ್ಕೋತ ಹಣ್ಣನ್ನೂ ಬಿಡಬೇಕು; ದೇವನಹಳ್ಳಿ ಕಡೆಯ ರೋಗಿಗೆ ಇದನ್ನು ಹೇಳುವಾಗ ನನಗೇ ಕಷ್ಟವಾಗುತ್ತದೆ. ಹೀಗಿದ್ದೂ, ಬಚ್ಚಲಿಗೆ ಹೋಗಿಬರಲು ಏದುಸಿರು ಬಿಡುತ್ತಿದ್ದವರು ಮಗಳ ಮದುವೆಯಲ್ಲಿ ಊಟಕ್ಕೆ ಬಡಿಸಿದ್ದನ್ನು ಕಂಡಿದ್ದೇನೆ.

ಹಣದ ಮಾತು ಬಾರದೆ ಇರದು. ಖಾಸಗಿ ಆಸ್ಪತ್ರೆಗಳಲ್ಲಿ 20 ಲಕ್ಷಕ್ಕಿಂತ ಕಡಿಮೆ ಹೇಳುವವರು ಅಪರೂಪ, ಆಮೇಲೆ ತಿಂಗಳು ತಿಂಗಳೂ ಔಷಧಕ್ಕೆ ಸಾವಿರಾರು ರೂಪಾಯಿ, ಕಸಿ ಕೇಂದ್ರದ ಹತ್ತಿರ ಕೋಣೆ ಹಿಡಿದು ತಿಂಗಳುಗಟ್ಟಲೆ ಇರುವ ಖರ್ಚು. ಭಾಷೆ ಬಾರದ ಊರಿನಲ್ಲಿ ಒಬ್ಬರು ಕೆಲಸ ಬಿಟ್ಟು ಜೊತೆಗಿರಬೇಕು. ಚಂಡೀಗಢದ ಪಿಜಿಐ 2017ರಲ್ಲೇ ಶ್ವಾಸಕೋಶ ಕಸಿ ಮಾಡಿ, ಸರ್ಕಾರಿ ಸಂಸ್ಥೆಗೂ ಇದು ಸಾಧ್ಯ ಎಂದು ತೋರಿಸಿದೆ. ಬಡ ಕುಟುಂಬಗಳ ಅಂಗಾಂಗ ಕಸಿಗೆ ನಮ್ಮ ರಾಜ್ಯ ಕೊಡುವ ನೆರವು ಮೂತ್ರಪಿಂಡ, ಯಕೃತ್ತು, ಹೃದಯಗಳಿಂದ ಆರಂಭವಾಯಿತು. ಶ್ವಾಸಕೋಶದ ರೋಗಿಗೆ ಶಸ್ತ್ರಚಿಕಿತ್ಸೆಯ ಹಣ ಮಾತ್ರ ಸಿಕ್ಕಿ ಮುಂದಿನ ಔಷಧಕ್ಕೆ ಸಿಗದಿದ್ದರೆ ಆ ಶ್ವಾಸಕೋಶ ಎರಡನೆಯ ವರ್ಷದಲ್ಲೇ ಕೈಬಿಡುತ್ತದೆ. ನೆರವಿನ ಲೆಕ್ಕ ಹಾಕುವವರು ಔಷಧದಿಂದಲೇ ಲೆಕ್ಕ ಶುರು ಮಾಡಲಿ ಎಂಬುದು ನನ್ನ ವಿನಂತಿ.

ಕಳೆದ ತಿಂಗಳು ಐವತ್ತೆರಡರ ಒಬ್ಬ ರೈತರು ಬಂದಿದ್ದರು. ಒಣಕೆಮ್ಮು, ಬೆನ್ನಿನಲ್ಲಿ ಅದೇ ಚರಚರ ಸದ್ದು, ಸಿ.ಟಿ.ಯಲ್ಲಿ ಈಗಷ್ಟೇ ಕಾಣಿಸಿಕೊಂಡ ಗೆರೆಗಳು. ಪಡಸಾಲೆಯಲ್ಲಿ 430 ಮೀಟರ್ ನಡೆದರು, ಅಂಕಿ 90ರ ಕೆಳಗೆ ಇಳಿಯಲಿಲ್ಲ. ಔಷಧ ಬರೆದು, ಜೊತೆಗೆ ಹೈದರಾಬಾದಿನ ಕಸಿ ಕೇಂದ್ರಕ್ಕೆ ಪತ್ರವನ್ನೂ ಕೊಟ್ಟೆ. ಅವರಿಗೆ ಸಿಟ್ಟು ಬಂತು. “ನಡಿಯಾಕ ಬರ್ತೈತಿ, ಹೊಲಕ್ಕ ಹೋಗಿ ಬರ್ತೇನಿ, ಅಲ್ಲೀಮಟ ಯಾಕ ಕಳಸ್ತೀರಿ ಸಾಹೇಬ್ರ?” ಎಂದರು. “ನಡಿಯಾಕ ಬರ್ತೈತಿ ಅಂತನ ಕಳಸ್ತೇನ್ರಿ” ಎಂದೆ. ಹೋಗಿ ಬಂದಿದ್ದಾರೆ. ಈಗಲೇ ಪಟ್ಟಿಗೆ ಸೇರಿಸುವುದು ಬೇಡ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ, ದಿನಾ ನಡೆಯುವುದು ಬಿಡಬೇಡಿ ಎಂದು ಅಲ್ಲಿ ಹೇಳಿದ್ದಾರಂತೆ. ಅವರ ಕಡತದಲ್ಲಿ ಈಗ ರಕ್ತದ ಗುಂಪು, ಎತ್ತರ, ಫೋನ್ ಸಂಖ್ಯೆ ಎಲ್ಲವೂ ಇವೆ. ಮೊನ್ನೆ ಬಂದಾಗ ಎರಡು ಹಲ್ಲು ಕೀಳಿಸಿಕೊಂಡೇ ಬಂದಿದ್ದರು.